ಶಿಕ್ಷಕರಾಗಲು ಯಾವ ದೇಶಕ್ಕೆ ಹೋಗಬೇಕು? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮೇಡಂ, ನಾನು ಶಿರಸಿ ಸಮೀಪದ ಹಳ್ಳಿಯವಳು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿ ಈ ವರ್ಷ ಬಿ.ಎಸ್ಸಿ. ಮುಗಿಸಿದ್ದೇನೆ. ಹತ್ತನೆಯ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಪ್ರೌಢಶಾಲೆಯ ಶಿಕ್ಷಕಿಯಾಗಬೇಕೆಂಬುದು ಬಹಳ ದಿನಗಳ ಆಸೆ. ವಿದೇಶದಲ್ಲಿ ತರಬೇತಿ ಪಡೆದು ಕೆಲವು ವರ್ಷ ಅಲ್ಲಿಯೇ ಕಲಿಸಬೇಕೆಂದು ಹುಬ್ಬಳ್ಳಿಯ ಒಂದು ಏಜೆನ್ಸಿಯಲ್ಲಿ ವಿಚಾರಿಸಿದೆ. ಶಿಕ್ಷಣಕ್ಕೆ ಫಿನ್ಲೆಂಡ್ ಎಲ್ಲಕ್ಕಿಂತ ಮೇಲು, ಅಲ್ಲಿ ಇಂಗ್ಲಿಷಿನಲ್ಲಿಯೇ ಸ್ನಾತಕೋತ್ತರ ಪದವಿ ಮಾಡಬಹುದು ಎಂದರು. ಇಂಗ್ಲೆಂಡ್, ಆಸ್ಟ್ರೇಲಿಯಾಗಳ ಹೆಸರನ್ನೂ ಹೇಳಿದರು. ಅಪ್ಪ ತೋಟದ ಮೇಲೆ ಸಾಲ ತೆಗೆಯಲು ಸಿದ್ಧರಿದ್ದಾರೆ. ಯಾವ ದೇಶವನ್ನು ಆರಿಸಿಕೊಳ್ಳಲಿ? ಮುಂದೆ ಊರಿಗೆ ಬಂದು ಸರ್ಕಾರಿ ಶಾಲೆಯಲ್ಲಿ ಕಲಿಸಬೇಕೆನಿಸಿದರೆ ಆ ಪದವಿ ನಡೆಯುತ್ತದೆಯೇ?
– ಹೆಸರು ಬೇಡ, ಶಿರಸಿ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಯಾವ ಊರಿನ ಮಕ್ಕಳ ಮುಂದೆ ನಿಲ್ಲಬೇಕು ಎಂಬುದು ನಿಶ್ಚಯವಾದ ಮೇಲೆಯೇ ಯಾವ ದೇಶದಲ್ಲಿ ಓದಬೇಕು ಎಂಬುದು ನಿಶ್ಚಯವಾಗುತ್ತದೆ. ಕಂಪ್ಯೂಟರ್ ಎಂಜಿನಿಯರಿಂಗ್ ಓದಿದವರು ಒಂದು ದೇಶದ ಪದವಿ ಹಿಡಿದು ಇನ್ನೊಂದು ದೇಶದಲ್ಲಿ ಕೆಲಸಕ್ಕೆ ಸೇರುವುದನ್ನು ದಿನವೂ ನೋಡುತ್ತೇವೆ. ಶಿಕ್ಷಕ ವೃತ್ತಿ ವಕೀಲಿ ವೃತ್ತಿಗೆ ಹತ್ತಿರದ್ದು. ಕಾನೂನು ಪದವಿ ಇದ್ದವರೆಲ್ಲ ಕೋರ್ಟಿನಲ್ಲಿ ವಾದಿಸಲಾಗದೆ ಸನ್ನದು ಪಡೆಯಬೇಕಾಗುವಂತೆ, ಶಾಲೆಯಲ್ಲಿ ಕಲಿಸಲು ಆಯಾ ದೇಶದ, ಕೆಲವೆಡೆ ಆಯಾ ರಾಜ್ಯದ, ಸನ್ನದು ಬೇಕು. ತನ್ನ ಮಕ್ಕಳ ಮುಂದೆ ಯಾರು ನಿಲ್ಲಬೇಕೆಂಬುದನ್ನು ಯಾವ ಸರ್ಕಾರವೂ ಪರದೇಶದ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಡುವುದಿಲ್ಲ.

ನಮ್ಮಲ್ಲಿ ಈ ಅಧಿಕಾರ 1993ರ ಕಾಯ್ದೆಯ ಮೂಲಕ ಬಂದ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನದು. ಎಲ್ಲರೂ ಎನ್‌ಸಿಟಿಇ ಎಂದೇ ಕರೆಯುತ್ತಾರೆ. ಸರ್ಕಾರಿ ಪ್ರೌಢಶಾಲೆಯ ಹುದ್ದೆಗೆ ಪದವಿಯ ಜೊತೆಗೆ ಅದರ ಮಾನ್ಯತೆಯಿರುವ ಕಾಲೇಜಿನ ಬಿ.ಎಡ್. ಕೇಳುತ್ತಾರೆ, ಒಂದರಿಂದ ಎಂಟನೆಯ ತರಗತಿಯವರೆಗೆ ಕಲಿಸಲು ಶಿಕ್ಷಕರ ಅರ್ಹತಾ ಪರೀಕ್ಷೆಯೂ ಪಾಸಾಗಿರಬೇಕು. ವಿದೇಶಿ ಪದವಿಗೆ ತತ್ಸಮಾನ ಪ್ರಮಾಣಪತ್ರ ಕೊಡುವ ಕೆಲಸವನ್ನು ಬಹುಕಾಲ ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಮಾಡುತ್ತಿತ್ತು, 2025ರಲ್ಲಿ ಯುಜಿಸಿ ಇದಕ್ಕೆ ತನ್ನದೇ ನಿಯಮಾವಳಿ ಹೊರಡಿಸಿತು. ಆದರೆ ಪದವಿ ತತ್ಸಮಾನ ಎಂಬ ಪತ್ರ ಸಿಗುವುದೇ ಬೇರೆ, ನೇಮಕಾತಿ ಅಧಿಸೂಚನೆಯಲ್ಲಿ ಬಿ.ಎಡ್. ಎಂದಿರುವ ಜಾಗದಲ್ಲಿ ಆ ಪದವಿಯನ್ನು ಒಪ್ಪುವುದೇ ಬೇರೆ. ಆದ್ದರಿಂದ ಹೊರಡುವ ಮುನ್ನವೇ, ಸೇರಬೇಕೆಂದಿರುವ ಕೋರ್ಸಿನ ಹೆಸರನ್ನು ನಮೂದಿಸಿ ಎನ್‌ಸಿಟಿಇಗೂ ನಮ್ಮ ಶಾಲಾ ಶಿಕ್ಷಣ ಇಲಾಖೆಗೂ ಪತ್ರ ಬರೆದು ಲಿಖಿತ ಉತ್ತರ ತರಿಸಿಕೊಳ್ಳಿ. ಏಜೆನ್ಸಿಯವರ ಬಾಯಿಮಾತು ನೇಮಕಾತಿ ಅಧಿಕಾರಿಯ ಮೇಜಿನ ಮುಂದೆ ನಿಲ್ಲುವುದಿಲ್ಲ. ಬೆಂಗಳೂರಿನ ಕೇಂಬ್ರಿಜ್, ಐಬಿ ಎಂಬ ಅಂತರರಾಷ್ಟ್ರೀಯ ಪಠ್ಯಕ್ರಮಗಳ ಖಾಸಗಿ ಶಾಲೆಗಳಲ್ಲಿ ವಿದೇಶಿ ತರಬೇತಿಗೆ ಬೆಲೆಯಿದೆ, ನಿಜ. ನೀವು ಕೇಳಿದ್ದು ಊರಿನ ಸರ್ಕಾರಿ ಶಾಲೆಯ ಬಗ್ಗೆ.

ಈಗ ಫಿನ್ಲೆಂಡ್. ಆ ದೇಶದ ಕೀರ್ತಿ ಸುಳ್ಳಲ್ಲ. 1863ರಲ್ಲಿ ಯುವಾಸ್ಕ್ಯುಲಾ ಎಂಬ ಊರಿನಲ್ಲಿ ಫಿನ್ನಿಶ್ ಭಾಷೆಯ ಮೊದಲ ಶಿಕ್ಷಕರ ಸೆಮಿನರಿ ಆರಂಭವಾಯಿತು. 1970ರ ದಶಕದ ಕೊನೆಯಿಂದ ಪ್ರಾಥಮಿಕ ತರಗತಿಗೆ ಕಲಿಸಲೂ ಸ್ನಾತಕೋತ್ತರ ಪದವಿ ಬೇಕೆಂದು ನಿಯಮ ಮಾಡಿದರು. ಆ ತರಬೇತಿಗೆ ಸೀಟು ಸಿಗುವುದು ಅಲ್ಲಿನ ಮಕ್ಕಳಿಗೇ ಕಷ್ಟ. ಆದರೆ ಫಿನ್ಲೆಂಡಿನ ಶಾಲೆಗಳು ನಡೆಯುವುದು ಫಿನ್ನಿಶ್ ಅಥವಾ ಸ್ವೀಡಿಷ್ ಭಾಷೆಯಲ್ಲಿ, ಶಿಕ್ಷಕರು ತಯಾರಾಗುವುದೂ ಆ ಭಾಷೆಗಳಲ್ಲಿ. ವಿದೇಶಿಯರಿಗೆ ಇಂಗ್ಲಿಷಿನಲ್ಲಿ ನಡೆಸುವ ಸ್ನಾತಕೋತ್ತರ ಕೋರ್ಸುಗಳಲ್ಲಿ ಬಹುಪಾಲು ಶಿಕ್ಷಣವನ್ನು ಒಂದು ಅಧ್ಯಯನ ವಿಷಯವಾಗಿ, ಅಂದರೆ ನೀತಿ, ಸಂಶೋಧನೆ, ಆಡಳಿತ ಎಂಬಂತೆ ಓದಿಸುತ್ತವೆ. ಅವು ಶಿಕ್ಷಕರ ಸನ್ನದನ್ನು ಕೊಡುವುದಿಲ್ಲ. ಯುರೋಪಿನ ಹೊರಗಿನವರಿಗೆ 2017ರಿಂದ ಅಲ್ಲಿ ಬೋಧನಾ ಶುಲ್ಕವೂ ಇದೆ. ಹತ್ತು ವರ್ಷ ಕಲಿಸಿ, ಪಠ್ಯಪುಸ್ತಕ ರಚನೆಯನ್ನೋ ಶಿಕ್ಷಕರ ತರಬೇತಿಯನ್ನೋ ಆರಿಸಿಕೊಳ್ಳುವವರಿಗೆ ಅದು ಬಹಳ ಒಳ್ಳೆಯ ಜಾಗ. ಇನ್ನೂ ಒಂದು ದಿನವೂ ಚಾಕ್‌ಪೀಸ್ ಹಿಡಿಯದ ನಿಮಗೆ ಈಗಲೇ ಬೇಡ.

ಇದನ್ನು ಇಷ್ಟು ಖಂಡಿತವಾಗಿ ಹೇಳಲು ಕಾರಣವಿದೆ. ಬಿ.ಎಡ್. ಕಾಲೇಜಿನಲ್ಲಿ ನಾನು ಮೂವತ್ತು ವರ್ಷ ಪಾಠ ಮಾಡಿದ್ದೇನೆ. ನಮ್ಮಲ್ಲಿಗೆ ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಒಬ್ಬ ಹೆಣ್ಣುಮಗಳು ವಿದ್ಯಾರ್ಥಿನಿಯಾಗಿ ಬಂದಳು. ಯುರೋಪಿನ ಒಂದು ವಿಶ್ವವಿದ್ಯಾಲಯದಲ್ಲಿ ಶಿಕ್ಷಣದಲ್ಲಿ ಎಂ.ಎ. ಮುಗಿಸಿದ್ದಳು, ಹೆಸರಿನಲ್ಲಿ ಶಿಕ್ಷಣ ಎಂದಿದ್ದರಿಂದ ಅದು ಶಿಕ್ಷಕಿಯಾಗುವ ಕೋರ್ಸೇ ಎಂದು ಮನೆಯವರೆಲ್ಲ ನಂಬಿದ್ದರು. ಅಲ್ಲಿ ಶಾಲೆಯೊಂದರ ಊಟದ ಕೋಣೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸವಷ್ಟೇ ಸಿಕ್ಕಿತು. ಮರಳಿ ಬಂದು ಬಿ.ಎಡ್.ನ ಮೊದಲ ಸೆಮಿಸ್ಟರಿಗೆ ಸೇರಿದಾಗ ತರಗತಿಯ ಉಳಿದವರು ಅವಳಿಗಿಂತ ಆರೇಳು ವರ್ಷ ಚಿಕ್ಕವರು. ಬಹಳ ಒಳ್ಳೆಯ ಶಿಕ್ಷಕಿಯಾದಳು. ಆದರೆ ಆ ವರ್ಷಗಳು, ಆ ಸಾಲ, ಅವಳ ತಂದೆಯ ಮುಖ ನನಗೆ ಇಂದಿಗೂ ನೆನಪಿವೆ. ಯಾವುದೇ ದೇಶದ ಯಾವುದೇ ಕೋರ್ಸಿಗೆ ಹಣ ಕಟ್ಟುವ ಮೊದಲು ವಿಶ್ವವಿದ್ಯಾಲಯಕ್ಕೆ ನೇರವಾಗಿ ಒಂದು ಪ್ರಶ್ನೆ ಕೇಳಿ: ಇದನ್ನು ಮುಗಿಸಿದವರು ನಿಮ್ಮ ದೇಶದ ಸರ್ಕಾರಿ ಶಾಲೆಯಲ್ಲಿ ಶಿಕ್ಷಕರಾಗಿ ನೋಂದಣಿಯಾಗಲು ಅರ್ಹರೇ? ಹೌದು ಅಥವಾ ಅಲ್ಲ ಎಂಬ ಉತ್ತರ ಇ-ಮೇಲ್‌ನಲ್ಲಿ ಬರಲಿ.

ಇಂಗ್ಲೆಂಡಿನಲ್ಲಿ ಈ ಸನ್ನದನ್ನು ಕ್ಯೂಟಿಎಸ್ ಎನ್ನುತ್ತಾರೆ, ಅಂದರೆ ಅರ್ಹ ಶಿಕ್ಷಕರೆಂಬ ಸ್ಥಾನಮಾನ. ಪದವಿಯ ಮೇಲೆ ಪಿಜಿಸಿಇ ಎಂಬ ಒಂದು ವರ್ಷದ ಶಿಕ್ಷಕ ತರಬೇತಿ ಮಾಡಿದರೆ ಜೊತೆಯಲ್ಲಿಯೇ ಅದು ದೊರೆಯಬಹುದು. ಆ ವರ್ಷದಲ್ಲಿ ಕನಿಷ್ಠ 120 ದಿನ ಶಾಲೆಯಲ್ಲಿ, ಅದೂ ಕನಿಷ್ಠ ಎರಡು ಬೇರೆ ಬೇರೆ ಶಾಲೆಗಳಲ್ಲಿ, ಅಭ್ಯಾಸ ಬೋಧನೆ ಇರುತ್ತದೆ. ‘ದೊರೆಯಬಹುದು’ ಎಂದು ಬರೆದದ್ದು ಬೇಕೆಂದೇ. ಮನೆಯಲ್ಲಿಯೇ ಕುಳಿತು ಆನ್‌ಲೈನ್‌ನಲ್ಲಿ ಮಾಡುವ ಅಂತರರಾಷ್ಟ್ರೀಯ ಪಿಜಿಸಿಇಗಳು ಸಾಕಷ್ಟಿವೆ, ಅವುಗಳ ಜೊತೆ ಕ್ಯೂಟಿಎಸ್ ಬರುವುದಿಲ್ಲ. ಹೆಸರು ಒಂದೇ ಆದ್ದರಿಂದ ಮೋಸಹೋಗುವವರು ಹೆಚ್ಚು. ಭೌತಶಾಸ್ತ್ರ ಮತ್ತು ಗಣಿತದ ಶಿಕ್ಷಕರ ಕೊರತೆ ಇಂಗ್ಲೆಂಡಿನಲ್ಲಿ ಹಳೆಯ ಸಮಸ್ಯೆ. ಹಾಗಾಗಿ ನಿಮ್ಮ ವಿಷಯಗಳಿಗೆ ಅಲ್ಲಿ ಬೇಡಿಕೆ ಇದೆ. 2025-26ರಲ್ಲಿ ಲಂಡನ್ನಿನ ಹೊರಗೆ ಹೊಸ ಶಿಕ್ಷಕರ ಆರಂಭಿಕ ವೇತನ ವರ್ಷಕ್ಕೆ 32,916 ಪೌಂಡ್. ಖರ್ಚಿನ ಕಡೆ ವಿಶ್ವವಿದ್ಯಾಲಯದ ಶುಲ್ಕವಲ್ಲದೆ ವಿದ್ಯಾರ್ಥಿಯ ಆರೋಗ್ಯ ಶುಲ್ಕವೇ ವರ್ಷಕ್ಕೆ 776 ಪೌಂಡ್, ಜೊತೆಗೆ ವೀಸಾ, ಬಾಡಿಗೆ, ಚಳಿಗೆ ಬಟ್ಟೆ. ಓದು ಮುಗಿದ ಮೇಲೆ ಕೆಲಸ ಹುಡುಕಲು ಕೊಡುತ್ತಿದ್ದ ಎರಡು ವರ್ಷದ ವೀಸಾವನ್ನು 2027ರ ಜನವರಿ 1ರಿಂದ ಸಲ್ಲಿಸುವ ಅರ್ಜಿಗಳಿಗೆ ಹದಿನೆಂಟು ತಿಂಗಳಿಗೆ ಇಳಿಸುವುದಾಗಿ ಅಲ್ಲಿನ ಸರ್ಕಾರ ಪ್ರಕಟಿಸಿದೆ. ಅಂದಹಾಗೆ ಸ್ಕಾಟ್ಲೆಂಡ್ ಈ ವಿಷಯದಲ್ಲಿ ಬೇರೆಯೇ ದೇಶವಿದ್ದಂತೆ. ಅಲ್ಲಿನ ಶಿಕ್ಷಕರ ಮಂಡಳಿ 1965ರಿಂದ ಪ್ರತ್ಯೇಕವಾಗಿ ನೋಂದಣಿ ಮಾಡುತ್ತದೆ.

ಏಜೆನ್ಸಿಯವರು ನಿಮಗೆ ಹೇಳಿರಲಾರದ ಇನ್ನೊಂದು ದಾರಿ ಇದೆ. ಇಂಗ್ಲೆಂಡ್ 2023ರಿಂದ ಎಲ್ಲ ದೇಶಗಳ ತರಬೇತಿ ಪಡೆದ ಶಿಕ್ಷಕರಿಂದ ನೇರವಾಗಿ ಕ್ಯೂಟಿಎಸ್ ಅರ್ಜಿ ಸ್ವೀಕರಿಸುತ್ತಿದೆ. ಭಾರತ, ನೈಜೀರಿಯಾ, ಘಾನಾ ಮೊದಲಾದ ಕೆಲವು ದೇಶಗಳವರಿಗೆ ಒಂದು ನಿರ್ಬಂಧ ಹಾಕಿದ್ದಾರೆ: 11ರಿಂದ 16 ವರ್ಷದ ಮಕ್ಕಳಿಗೆ ಗಣಿತ, ವಿಜ್ಞಾನ ಅಥವಾ ಭಾಷೆ ಕಲಿಸುವ ಅರ್ಹತೆ ಇರಬೇಕು. ಪದವಿ, ಶಿಕ್ಷಕ ತರಬೇತಿ, ಕನಿಷ್ಠ ಒಂದು ಶೈಕ್ಷಣಿಕ ವರ್ಷದ ಬೋಧನಾನುಭವ ಬೇಕು. ಅಂದರೆ ಇಲ್ಲಿಯೇ ಬಿ.ಎಡ್. ಮುಗಿಸಿ ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನ ಕಲಿಸಿದ ನಿಮ್ಮಂಥವರು ಅಲ್ಲಿಗೆ ಹೋಗಿ ಮತ್ತೆ ತರಬೇತಿ ಪಡೆಯದೆ, ಲಕ್ಷಗಟ್ಟಲೆ ಶುಲ್ಕ ಕಟ್ಟದೆ, ಅದೇ ಸನ್ನದನ್ನು ಪಡೆಯಬಹುದು. ಸನ್ನದು ಸಿಕ್ಕಿತೆಂದರೆ ಕೆಲಸ ಸಿಕ್ಕಿತೆಂದಲ್ಲ. ವೀಸಾ ಕೊಡಿಸಲು ಒಪ್ಪುವ ಶಾಲೆಯನ್ನು ಹುಡುಕಿ, ಸಂದರ್ಶನದಲ್ಲಿ ಗೆಲ್ಲಬೇಕು. ಆದರೆ ಸೋತರೂ ಕೈಯಲ್ಲಿ ಕೆಲಸವಿರುತ್ತದೆ, ತೋಟದ ಮೇಲೆ ಸಾಲವಿರುವುದಿಲ್ಲ.

ಆಸ್ಟ್ರೇಲಿಯಾದಲ್ಲಿ ಪದವೀಧರರಿಗೆ ಎರಡು ವರ್ಷದ ‘ಮಾಸ್ಟರ್ ಆಫ್ ಟೀಚಿಂಗ್’ ಇದೆ. ‘ಮಾಸ್ಟರ್ ಆಫ್ ಎಜುಕೇಶನ್’ ಎಂಬುದು ಬೇರೆ ಪದವಿ, ಅದು ಈಗಾಗಲೇ ಶಿಕ್ಷಕರಾಗಿರುವವರಿಗೆ. ಅರ್ಜಿ ತುಂಬುವಾಗ ಈ ಎರಡು ಹೆಸರುಗಳನ್ನು ಅದಲುಬದಲು ಮಾಡಿಕೊಳ್ಳಬೇಡಿ. ನೋಂದಣಿ ರಾಜ್ಯವಾರು, ವಿಕ್ಟೋರಿಯಾದ ಸಂಸ್ಥೆ ಬೇರೆ, ನ್ಯೂ ಸೌತ್ ವೇಲ್ಸಿನದು ಬೇರೆ. ಓದುವಾಗ ಲ್ಯಾಂಟೈಟ್ ಎಂಬ ಭಾಷೆ ಮತ್ತು ಲೆಕ್ಕದ ಪರೀಕ್ಷೆ ಪಾಸಾಗಬೇಕು. ಅಲ್ಲಿ ನೆಲೆಸಲು ಬೇಕಾದ ವೃತ್ತಿ ಮೌಲ್ಯಮಾಪನವನ್ನು ಎಐಟಿಎಸ್ಎಲ್ ಎಂಬ ಸಂಸ್ಥೆ ಮಾಡುತ್ತದೆ. ಅದು ಐಇಎಲ್‌ಟಿಎಸ್‌ನಲ್ಲಿ (ಇದು ಇಂಗ್ಲಿಷ್ ಭಾಷಾ ಪರೀಕ್ಷೆ) ಓದು, ಬರವಣಿಗೆಗೆ 7, ಮಾತು ಮತ್ತು ಆಲಿಸುವಿಕೆಗೆ 8 ಅಂಕ ಕೇಳುತ್ತದೆ. ಎಂಜಿನಿಯರುಗಳಿಗೆ ಇಷ್ಟು ಕೇಳುವುದಿಲ್ಲ, ನಮಗೇಕೆ ಎಂದು ವಿದ್ಯಾರ್ಥಿಗಳು ನನ್ನೊಡನೆ ಜಗಳವಾಡಿದ್ದುಂಟು. ಹಿಂದಿನ ಬೆಂಚಿನ ಹುಡುಗ ಬಾಯೊಳಗೇ ಗೊಣಗಿದ ಮಾತು ಶಿಕ್ಷಕಿಗೆ ಅರ್ಥವಾಗಬೇಕು, ಇಲ್ಲವಾದರೆ ಆ ತರಗತಿ ಅವಳ ಕೈಯಲ್ಲಿ ಉಳಿಯುವುದಿಲ್ಲ ಎಂದು ಅವರಿಗೆ ಹೇಳುತ್ತಿದ್ದೆ. ಕನ್ನಡ ಮಾಧ್ಯಮದಿಂದ ಬಂದ ನಿಮಗೆ ಈ 8 ಅಸಾಧ್ಯವಲ್ಲ, ಆದರೆ ಮೂರು ತಿಂಗಳ ಕೋಚಿಂಗ್‌ನಿಂದ ಬರುವುದೂ ಅಲ್ಲ. ಇಂಗ್ಲಿಷಿನಲ್ಲಿ ಒಂದೆರಡು ವರ್ಷ ಪಾಠ ಮಾಡಿದವರಿಗೆ ಅದು ತಾನಾಗಿ ಹತ್ತಿರ ಬರುತ್ತದೆ.

ಹಣದ ಲೆಕ್ಕದಲ್ಲಿ ಆಸ್ಟ್ರೇಲಿಯಾ ಭಾರ. ವಿದ್ಯಾರ್ಥಿ ವೀಸಾದ ಅರ್ಜಿ ಶುಲ್ಕ 2025ರ ಜುಲೈಯಿಂದ 2,000 ಆಸ್ಟ್ರೇಲಿಯನ್ ಡಾಲರ್. ಒಂದು ವರ್ಷದ ಜೀವನ ವೆಚ್ಚಕ್ಕೆಂದು 29,710 ಡಾಲರ್ ಇದೆಯೆಂದು ತೋರಿಸಬೇಕೆಂದು 2024ರ ಮೇ ತಿಂಗಳಲ್ಲಿ ನಿಗದಿ ಮಾಡಿದರು. ಹದಿನೈದು ದಿನಕ್ಕೆ 48 ಗಂಟೆ ಕೆಲಸ ಮಾಡಲು ವಿದ್ಯಾರ್ಥಿಗಳಿಗೆ ಅನುಮತಿಯಿದೆ ಎಂದು ಏಜೆನ್ಸಿಯವರು ಹೇಳುತ್ತಾರೆ. ಅದು ಸರಿಯೇ. ಆದರೆ ಶಿಕ್ಷಕ ತರಬೇತಿಯಲ್ಲಿ ವಾರಗಟ್ಟಲೆ ಬೆಳಗಿನಿಂದ ಸಂಜೆಯವರೆಗೆ ಶಾಲೆಯಲ್ಲಿರಬೇಕು, ಸಂಬಳವಿಲ್ಲ, ರಾತ್ರಿ ಮರುದಿನದ ಪಾಠ ಯೋಜನೆ ಬರೆಯಬೇಕು. 2025ರಿಂದ ಅಲ್ಲಿನ ಸರ್ಕಾರ ಅಭ್ಯಾಸ ಬೋಧನೆಯ ಅವಧಿಗೆ ಕೊಡುತ್ತಿರುವ ಸಹಾಯಧನ ಸ್ವದೇಶಿ ವಿದ್ಯಾರ್ಥಿಗಳಿಗೆ ಮಾತ್ರ. ಆ ವಾರಗಳಲ್ಲಿ ಬಾಡಿಗೆ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು.

ಅಪ್ಪನಿಗೂ ಒಂದು ಮಾತು ಹೇಳಿ. ಶಿಕ್ಷಣ ಸಾಲ ಏಳೂವರೆ ಲಕ್ಷದವರೆಗೆ ಸಾಮಾನ್ಯವಾಗಿ ಅಡಮಾನವಿಲ್ಲದೆ ಸಿಗುತ್ತದೆ, ಅದಕ್ಕಿಂತ ಮೇಲೆ ಆಸ್ತಿ ತೋರಿಸಬೇಕು. ಬಾಕಿ ವಸೂಲಿಗೆ ಬ್ಯಾಂಕುಗಳು ಬಳಸುವ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲವಾದ್ದರಿಂದ ಬ್ಯಾಂಕುಗಳು ತೋಟದ ಪಹಣಿಗಿಂತ ಪೇಟೆಯ ಮನೆ, ನಿವೇಶನಗಳನ್ನೇ ಬಯಸುತ್ತವೆ. ಹೀಗಾಗಿ ತೋಟವಿದ್ದವರು ಹೆಚ್ಚು ಬಡ್ಡಿಯ ಖಾಸಗಿ ಸಾಲದ ಕಡೆ ಹೊರಳುತ್ತಾರೆ. ಶಿಕ್ಷಕಿಯ ಸಂಬಳದಲ್ಲಿ ಆ ಬಡ್ಡಿ ತೀರಿಸುವುದು ಬಹಳ ಕಷ್ಟ.

ಆದ್ದರಿಂದ ನನ್ನ ಸಲಹೆ ಹೀಗಿದೆ. ಮೊದಲು ಇಲ್ಲಿಯೇ ಎರಡು ವರ್ಷದ ಬಿ.ಎಡ್. ಮಾಡಿ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಗೆ ಪ್ರಯತ್ನಿಸಿ. 1963ರಿಂದ ನಡೆದುಬಂದಿರುವ, ಎನ್‌ಸಿಇಆರ್‌ಟಿಗೆ ಸೇರಿದ, ಆವರಣದಲ್ಲಿಯೇ ಪ್ರಾಯೋಗಿಕ ಶಾಲೆಯನ್ನು ಹೊಂದಿರುವ ಸಂಸ್ಥೆ ಅದು. ಅಲ್ಲಿ ಆಗದಿದ್ದರೆ ಸರ್ಕಾರಿ ಕಾಲೇಜು. ನಂತರ ಕನಿಷ್ಠ ಎರಡು ವರ್ಷ ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನ ಕಲಿಸಿ, ಸಾಧ್ಯವಾದರೆ ಇಂಗ್ಲಿಷ್ ಮಾಧ್ಯಮದಲ್ಲಿ. ಮೂರು ವರ್ಷದ ಪದವಿ ಮತ್ತು ಎರಡು ವರ್ಷದ ಬಿ.ಎಡ್. ಸೇರಿದರೆ ಆಸ್ಟ್ರೇಲಿಯಾ ಕೇಳುವ ನಾಲ್ಕು ವರ್ಷದ ಉನ್ನತ ಶಿಕ್ಷಣವನ್ನು ದಾಟುತ್ತದೆ. ಆ ದೇಶ ಕನಿಷ್ಠ 45 ದಿನದ ಮೇಲ್ವಿಚಾರಣೆಯ ಅಭ್ಯಾಸ ಬೋಧನೆಯನ್ನೂ ಕೇಳುತ್ತದೆ, ಈಗಿನ ಬಿ.ಎಡ್.ನಲ್ಲಿ ಅದಕ್ಕಿಂತ ಹೆಚ್ಚು ದಿನ ಶಾಲೆಯಲ್ಲಿರುತ್ತೀರಿ. ಆದರೆ ಕಾಲೇಜು ಬಿಡುವ ಮೊದಲೇ ಪ್ರಾಂಶುಪಾಲರಿಂದ ಯಾವ ಶಾಲೆ, ಯಾವ ತರಗತಿ, ಯಾವ ವಿಷಯ, ಎಷ್ಟು ದಿನ ಎಂದು ನಮೂದಿಸಿದ, ಮೊಹರು ಹಾಕಿದ ಪತ್ರ ತೆಗೆದಿಟ್ಟುಕೊಳ್ಳಿ. ಒಂದು ವರ್ಷದ ಹಳೆಯ ಬಿ.ಎಡ್. ಮಾಡಿದ್ದ ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಈ ಒಂದು ಕಾಗದಕ್ಕಾಗಿ ಹತ್ತು ವರ್ಷದ ನಂತರ ಕಾಲೇಜಿನ ಹಳೆಯ ಕಡತಗಳನ್ನು ಹುಡುಕಿಸಿದ್ದಾರೆ.

ಉಳಿದ ದೇಶಗಳ ಬಗ್ಗೆ ಸಂಕ್ಷೇಪವಾಗಿ ಹೇಳುವುದಾದರೆ, ನ್ಯೂಜಿಲೆಂಡಿನಲ್ಲಿ ಪದವೀಧರರಿಗೆ ಒಂದು ವರ್ಷದ ಡಿಪ್ಲೊಮಾ ಇದೆ. ಮಾವೊರಿ ಜನರೊಡನೆ 1840ರಲ್ಲಿ ಆದ ವೈತಾಂಗಿ ಒಪ್ಪಂದವನ್ನು ಗೌರವಿಸುವುದು ಅಲ್ಲಿ ಶಿಕ್ಷಕರ ವೃತ್ತಿ ಮಾನದಂಡದ ಭಾಗ. ಅವರ ಭಾಷೆಯನ್ನೂ ಸ್ವಲ್ಪ ಕಲಿಯಬೇಕು, ನನಗೆ ಬಹಳ ಹಿಡಿಸಿದ ನಿಯಮವಿದು. ಸಿಂಗಪುರದಲ್ಲಿ ಶಿಕ್ಷಕರನ್ನು ತಯಾರು ಮಾಡುವುದು ಒಂದೇ ರಾಷ್ಟ್ರೀಯ ಸಂಸ್ಥೆ; ಶಿಕ್ಷಣ ಸಚಿವಾಲಯ ಮೊದಲು ನೇಮಿಸಿಕೊಂಡು ಆಮೇಲೆ ಅಲ್ಲಿಗೆ ಕಳಿಸುತ್ತದೆ. ಅಮೆರಿಕದಲ್ಲಿ ಐವತ್ತು ರಾಜ್ಯಕ್ಕೆ ಐವತ್ತು ನಿಯಮ. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಉದ್ಯೋಗ ವೀಸಾ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿದ ಮೇಲೆ ಇಲ್ಲಿಂದ ನೇರವಾಗಿ ಅಲ್ಲಿನ ಶಾಲೆಗೆ ಸೇರುವ ಯೋಚನೆ ಬಹಳ ದುಬಾರಿಯಾಯಿತು. ಎರಡು ವರ್ಷ ಕಲಿಸಿದ ಅನುಭವ ಇರುವವರಿಗೆ ಜೆ-1 ವಿನಿಮಯ ವೀಸಾದಲ್ಲಿ ಮೂರು ವರ್ಷ ಅಲ್ಲಿ ಕಲಿಸುವ ಅವಕಾಶವಿದೆ. ಅಲ್ಲಿಯೂ ಕೇಳುವುದು ನೀವು ಇಲ್ಲಿ ಕಲಿಸಿದ ವರ್ಷಗಳನ್ನೇ ಎಂಬುದನ್ನು ಗಮನಿಸಿ.

ಪ್ರಶ್ನೆ: ನಾನು ಬೆಂಗಳೂರಿನ ಪ್ರೌಢಶಾಲೆಯೊಂದರಲ್ಲಿ ಆರು ವರ್ಷ ಗಣಿತ ಕಲಿಸಿದ್ದೇನೆ. ಬಿ.ಎಸ್ಸಿ., ಬಿ.ಎಡ್. ಆಗಿದೆ. ಪತಿಯ ಉದ್ಯೋಗದಿಂದಾಗಿ ಎರಡು ವರ್ಷದಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೇವೆ. ಜರ್ಮನ್ ಬಿ1 ಮಟ್ಟ ಮುಗಿದಿದೆ. ಇಲ್ಲಿ ಮತ್ತೆ ಮೊದಲಿನಿಂದ ಓದಬೇಕೇ? ಅಥವಾ ಇಂಗ್ಲಿಷ್ ಮಾತನಾಡುವ ದೇಶಕ್ಕೆ ಹೋಗಿ ಒಂದು ವರ್ಷದ ಕೋರ್ಸ್ ಮಾಡಿ ಬರುವುದು ಸುಲಭವೇ?
– ಗಣಿತ ಶಿಕ್ಷಕಿ, ಸ್ಟುಟ್‌ಗಾರ್ಟ್

ಉತ್ತರ: ಬೇರೆ ದೇಶಕ್ಕೆ ಹೋಗಿ ಬರುವ ಯೋಚನೆಯನ್ನು ಬಿಡಿ. ಇಂಗ್ಲೆಂಡಿನ ಸನ್ನದನ್ನು ತಂದರೂ ಜರ್ಮನಿ ಅದನ್ನು ಮತ್ತೆ ತೂಗಿ ನೋಡುತ್ತದೆ. ನಿಮ್ಮ ಕೊರತೆ ತರಬೇತಿಗಿಂತ ಹೆಚ್ಚಾಗಿ ಭಾಷೆಯದು, ಅದು ಅಲ್ಲಿಯೇ ನೀಗಬೇಕು.

ಜರ್ಮನಿಯಲ್ಲಿ ಶಾಲಾ ಶಿಕ್ಷಣ ಹದಿನಾರು ರಾಜ್ಯಗಳ ಕೈಯಲ್ಲಿದೆ. ಅಲ್ಲಿನ ಶಿಕ್ಷಕರು ಸಾಮಾನ್ಯವಾಗಿ ಎರಡು ವಿಷಯಗಳಲ್ಲಿ ವಿಶ್ವವಿದ್ಯಾಲಯದ ಓದು ಮುಗಿಸಿ, ನಂತರ ರೆಫರೆಂಡಾರಿಯಟ್ ಎಂಬ ಒಂದೂವರೆ ಎರಡು ವರ್ಷದ ಶಾಲಾ ತರಬೇತಿಯಲ್ಲಿ ಸಂಬಳ ಪಡೆಯುತ್ತ ಕಲಿಯುತ್ತಾರೆ. ಪರದೇಶದಲ್ಲಿ ಶಿಕ್ಷಕರಾಗಿದ್ದವರು ಮೊದಲಿನಿಂದ ಓದುವ ಮುನ್ನ ತಮ್ಮ ಅರ್ಹತೆಯ ಮಾನ್ಯತೆಗೆ ಅರ್ಜಿ ಹಾಕಬೇಕು. ನೀವಿರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದ ಅಧಿಕಾರಿಗಳು ನಿಮ್ಮ ಅಂಕಪಟ್ಟಿ, ಪಠ್ಯಕ್ರಮ, ಅನುಭವ ಪತ್ರಗಳನ್ನು ತಮ್ಮಲ್ಲಿನ ತರಬೇತಿಯೊಡನೆ ಹೋಲಿಸಿ ಎಲ್ಲಿ ಕಡಿಮೆ ಬೀಳುತ್ತದೆ ಎಂಬುದನ್ನು ಲಿಖಿತವಾಗಿ ತಿಳಿಸುತ್ತಾರೆ. ನಮ್ಮ ಬಿ.ಎಸ್ಸಿ.ಯಲ್ಲಿ ಎರಡು ಮೂರು ವಿಷಯಗಳನ್ನು ಒಟ್ಟಿಗೆ ಓದುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಗಣಿತದ ಜೊತೆ ಭೌತಶಾಸ್ತ್ರವನ್ನೂ ಓದಿದ್ದರೆ ಅದನ್ನು ಎರಡನೆಯ ವಿಷಯವಾಗಿ ಮುಂದಿಡಿ. ಒಂದೊಂದು ವಿಷಯದಲ್ಲೂ ಅವರ ಓದು ನಮ್ಮದಕ್ಕಿಂತ ಆಳವಾದ್ದರಿಂದ ಕೆಲವು ಪೇಪರುಗಳನ್ನು ಓದಿ ಎನ್ನಬಹುದು, ಹೊಂದಾಣಿಕೆ ತರಬೇತಿಗೆ ಕಳಿಸಬಹುದು. ಕಾಲೇಜಿನಿಂದ ಪ್ರತಿ ಸೆಮಿಸ್ಟರಿನ ಪಠ್ಯಕ್ರಮದ ಪ್ರತಿ ತರಿಸಿಕೊಂಡು, ಪ್ರಮಾಣೀಕೃತ ಅನುವಾದಕರಿಂದ ಜರ್ಮನ್‌ಗೆ ಮಾಡಿಸಿಡಿ; ಅಂಕಪಟ್ಟಿಯಲ್ಲಿ ‘ಗಣಿತ 3’ ಎಂದು ಮಾತ್ರ ಇದ್ದರೆ ಅವರಿಗೆ ಏನೂ ತಿಳಿಯುವುದಿಲ್ಲ.

ಬಿ1 ಸಾಲದು. ಶಾಲೆಯ ಕೆಲಸಕ್ಕೆ ಅದಕ್ಕಿಂತ ಮೇಲಿನ ಸಿ1 ಮಟ್ಟ, ಕೆಲವೆಡೆ ಎಲ್ಲಕ್ಕಿಂತ ಮೇಲಿನ ಸಿ2 ಕೇಳುತ್ತಾರೆ. ಪೋಷಕರ ಸಭೆಯಲ್ಲಿ ಮಾತನಾಡಬೇಕು, ಮಗುವಿನ ಬಗ್ಗೆ ವರದಿ ಬರೆಯಬೇಕು. ಎರಡು ವರ್ಷ ಇದಕ್ಕೇ ಮೀಸಲಿಡಿ ಎಂದರೆ ನಿಮಗೆ ಬೇಸರವಾಗಬಹುದು. ಆದರೆ ಗಣಿತ, ಭೌತಶಾಸ್ತ್ರಗಳಿಗೆ ಶಿಕ್ಷಕರು ಸಾಲದೆ, ಶಿಕ್ಷಕ ತರಬೇತಿ ಇಲ್ಲದ ಪದವೀಧರರನ್ನೂ ಪರ್ಯಾಯ ಮಾರ್ಗದ ನೇಮಕಾತಿಯಲ್ಲಿ ಹಲವು ರಾಜ್ಯಗಳು ತೆಗೆದುಕೊಳ್ಳುತ್ತಿವೆ. ಭಾಷೆ ಬಂದ ದಿನ ಬಾಗಿಲು ತೆರೆಯುವ ವಿಷಯ ನಿಮ್ಮದು. ಸರ್ಕಾರಿ ನೌಕರರ ಖಾಯಂ ದರ್ಜೆಗೆ ಸಾಮಾನ್ಯವಾಗಿ ಜರ್ಮನಿಯ ಅಥವಾ ಯುರೋಪ್ ಒಕ್ಕೂಟದ ಪೌರತ್ವ ಬೇಕು. ಒಪ್ಪಂದದ ಶಿಕ್ಷಕರಾಗಿ ಕೆಲಸ ಮಾಡಲು ಅದು ಬೇಕಿಲ್ಲ. ಕುಟುಂಬ ವೀಸಾದಲ್ಲಿರುವವರಿಗೆ ಉದ್ಯೋಗದ ಅನುಮತಿ ಇರುವುದರಿಂದ ಈ ನಡುವೆ ಅಂತರರಾಷ್ಟ್ರೀಯ ಶಾಲೆಗಳಲ್ಲಿ ಸಹಾಯಕಿಯಾಗಿ ಪ್ರಯತ್ನಿಸಿ. ವಾರಾಂತ್ಯದಲ್ಲಿ ಕನ್ನಡ ಬಳಗದವರು ಮಕ್ಕಳಿಗೆ ಕನ್ನಡ ಕಲಿಸುವ ತರಗತಿ ನಡೆಸುತ್ತಿದ್ದರೆ ಅಲ್ಲಿಯೂ ಸೇರಿ, ಮಕ್ಕಳ ಎದುರು ನಿಲ್ಲುವ ಅಭ್ಯಾಸ ತಪ್ಪಬಾರದು.

ಪ್ರಶ್ನೆ: ಮಗಳು ದ್ವಿತೀಯ ಪಿಯುಸಿ ಕಲಾ ವಿಭಾಗದಲ್ಲಿದ್ದಾಳೆ. ಚಿಕ್ಕ ಮಕ್ಕಳಿಗೆ ಕಲಿಸಬೇಕೆಂದು ಆಸೆ. ನನ್ನ ಭಾವಮೈದುನ ಟೊರಾಂಟೊದಲ್ಲಿದ್ದಾನೆ, ಅವನ ಸ್ನೇಹಿತರು ಐರ್ಲೆಂಡಿನಲ್ಲಿದ್ದಾರೆ. ಪಿಯುಸಿ ಆದ ಕೂಡಲೇ ಕಳಿಸಿದರೆ ಪದವಿ, ತರಬೇತಿ ಎರಡೂ ಅಲ್ಲಿಯೇ ಮುಗಿಯುತ್ತವೆ ಎನ್ನುತ್ತಾನೆ. ಕಳಿಸಬಹುದೇ?
– ಒಬ್ಬ ತಂದೆ, ತುಮಕೂರು

ಉತ್ತರ: ಐರ್ಲೆಂಡನ್ನು ಪಟ್ಟಿಯಿಂದ ತೆಗೆದುಬಿಡಿ. ಅಲ್ಲಿನ ಪ್ರಾಥಮಿಕ ಶಾಲೆಯ ಶಿಕ್ಷಕರು ಐರಿಷ್ ಭಾಷೆಯನ್ನು ಬಲ್ಲವರಾಗಿರಬೇಕು, ಅದನ್ನು ಕಲಿಸಬಲ್ಲವರೂ ಆಗಿರಬೇಕು. ತಮ್ಮ ನುಡಿಯನ್ನು ಉಳಿಸಿಕೊಳ್ಳಲು ಅವರು ಮಾಡಿಕೊಂಡ ನಿಯಮ ಅದು, ಕನ್ನಡಿಗರಾದ ನಮಗೆ ಅದರ ಬೆಲೆ ಗೊತ್ತು.

ಕೆನಡಾದಲ್ಲಿ ನೋಂದಣಿ ಪ್ರಾಂತ್ಯಗಳದು. ಟೊರಾಂಟೊ ಇರುವ ಒಂಟಾರಿಯೊದಲ್ಲಿ 2015ರಲ್ಲಿ ಬಿ.ಎಡ್. ಅನ್ನು ನಾಲ್ಕು ಸೆಮಿಸ್ಟರಿಗೆ ವಿಸ್ತರಿಸಿದರು. ಪದವಿಯ ಓದನ್ನೂ ಸೇರಿಸಿದರೆ ಐದಾರು ವರ್ಷ ವಿದೇಶಿ ವಿದ್ಯಾರ್ಥಿಯ ಶುಲ್ಕ ಕಟ್ಟಬೇಕಾಗುತ್ತದೆ. ಆ ಪ್ರಾಂತ್ಯದಲ್ಲಿ ಸರ್ಕಾರದ ಹಣದಲ್ಲಿ ನಡೆಯುವ ಕ್ಯಾಥೊಲಿಕ್ ಶಾಲಾ ಮಂಡಳಿಗಳೂ ಇವೆ, ಖಾಯಂ ಹುದ್ದೆಗೆ ಅವು ಸಾಮಾನ್ಯವಾಗಿ ತಮ್ಮ ಮತದವರನ್ನೇ ಬಯಸುತ್ತವೆ. ಹೊಸಬರು ಬಹಳಷ್ಟು ಮಂದಿ ರಜೆಯಲ್ಲಿರುವ ಶಿಕ್ಷಕರ ಬದಲಿಗೆ ದಿನಗೂಲಿಯಂತೆ ಹೋಗುವ ಕೆಲಸದಿಂದಲೇ ಆರಂಭಿಸುತ್ತಾರೆ. ಭಾವಮೈದುನರು ಪ್ರೀತಿಯಿಂದಲೇ ಹೇಳಿದ್ದಾರೆ. ಮನೆಯಲ್ಲಿ ಇರಲು ಜಾಗ ಸಿಕ್ಕರೂ ಶುಲ್ಕ ಕಡಿಮೆಯಾಗುವುದಿಲ್ಲ.

ಇನ್ನೊಂದು ಮಾತು. ಭೌತಶಾಸ್ತ್ರದ ಸೂತ್ರ ಯಾವ ದೇಶದಲ್ಲೂ ಒಂದೇ. ಆರು ವರ್ಷದ ಮಗುವಿಗೆ ಕಲಿಸುವವರಿಗೆ ಆ ಮಗುವಿನ ಮನೆಮಾತು, ಶಿಶುಪ್ರಾಸ, ಹಬ್ಬ, ಊಟ ಎಲ್ಲವೂ ಗೊತ್ತಿರಬೇಕು. ಹದಿನೆಂಟರ ಹುಡುಗಿ ಅದನ್ನು ಪರದೇಶದಲ್ಲಿ ಗಳಿಸಿಕೊಳ್ಳಬಲ್ಲಳು, ಆದರೆ ತನ್ನ ನಾಡಿನಲ್ಲಿ ಅವಳಿಗೆ ಅದು ಈಗಾಗಲೇ ಇದೆ. ಇಲ್ಲಿ ಒಂದರಿಂದ ಐದನೆಯ ತರಗತಿಗೆ ಕಲಿಸಲು ಬಿ.ಎಡ್. ಸಾಲದು ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟಿನಲ್ಲಿ ತೀರ್ಪು ಕೊಟ್ಟಿದೆ. ಆದ್ದರಿಂದ ಡಿ.ಎಲ್.ಎಡ್. ಎಂಬ ಎರಡು ವರ್ಷದ ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ ಅಥವಾ ಪದವಿ ಮತ್ತು ತರಬೇತಿ ಒಂದಾಗಿರುವ ನಾಲ್ಕು ವರ್ಷದ ಐಟೆಪ್ ಕೋರ್ಸನ್ನು ನೋಡಿ. ಎರಡನೆಯದರಲ್ಲಿ ಚಿಕ್ಕ ಮಕ್ಕಳ ಹಂತವನ್ನೇ ಆರಿಸಿಕೊಳ್ಳಬಹುದು, ಪ್ರವೇಶಕ್ಕೆ ರಾಷ್ಟ್ರೀಯ ಪ್ರವೇಶ ಪರೀಕ್ಷೆಯಿದೆ. ಅದು ಮುಗಿದ ಮೇಲೂ ಅವಳಿಗೆ ಹೊರಗೆ ಹೋಗುವ ಆಸೆ ಉಳಿದಿದ್ದರೆ ಆಗ ಇಪ್ಪತ್ತೆರಡು ವರ್ಷ, ಯಾವ ಬಾಗಿಲೂ ಮುಚ್ಚಿರುವುದಿಲ್ಲ.

ಪ್ರಶ್ನೆ: ರಾಯಚೂರು ಜಿಲ್ಲೆಯ ಸರ್ಕಾರಿ ಶಾಲೆಯಲ್ಲಿ ಏಳು ವರ್ಷದಿಂದ ಶಿಕ್ಷಕನಾಗಿದ್ದೇನೆ. ವಯಸ್ಸು 33. ಕೆಲಸ ಬಿಡದೆ ಸ್ವಲ್ಪ ಕಾಲ ವಿದೇಶದಲ್ಲಿ ಕಲಿತು ಬರಲು ದಾರಿ ಇದೆಯೇ?
– ಸಹಶಿಕ್ಷಕ, ರಾಯಚೂರು

ಉತ್ತರ: ಇದೆ, ನಿಮ್ಮಂಥವರಿಗಾಗಿಯೇ ಮಾಡಿದ ದಾರಿಗಳಿವೆ. ಜಪಾನ್ ಸರ್ಕಾರ ಸೇವೆಯಲ್ಲಿರುವ ಶಾಲಾ ಶಿಕ್ಷಕರಿಗೆ ಒಂದೂವರೆ ವರ್ಷದ ತರಬೇತಿ ವಿದ್ಯಾರ್ಥಿವೇತನ ಕೊಡುತ್ತದೆ. ಐದು ವರ್ಷದ ಸೇವೆ ಆಗಿರಬೇಕು, ವಯಸ್ಸು 35ಕ್ಕಿಂತ ಕಡಿಮೆ ಇರಬೇಕು, ಮೊದಲ ಆರು ತಿಂಗಳು ಜಪಾನಿ ಭಾಷೆ ಕಲಿಸುತ್ತಾರೆ. ಕೊನೆಯಲ್ಲಿ ಸಿಗುವುದು ಪದವಿಯಲ್ಲ, ತರಬೇತಿ ಮುಗಿಸಿದ ಪ್ರಮಾಣಪತ್ರ. ಅಮೆರಿಕದ ಫುಲ್‌ಬ್ರೈಟ್ ಯೋಜನೆಯಲ್ಲಿಯೂ ಮಾಧ್ಯಮಿಕ, ಪ್ರೌಢಶಾಲಾ ಶಿಕ್ಷಕರಿಗೆ ಕೆಲವು ವಾರಗಳ ಕಾರ್ಯಕ್ರಮವಿದೆ. ನಿಮ್ಮ ವಯಸ್ಸನ್ನು ನೋಡಿದರೆ ಜಪಾನಿನದಕ್ಕೆ ಉಳಿದಿರುವ ಅವಕಾಶ ಒಂದೆರಡು ವರ್ಷ ಮಾತ್ರ. ಇಲಾಖೆಯ ನಿರಾಕ್ಷೇಪಣಾ ಪತ್ರ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಿಂದ ಮೇಲಕ್ಕೆ ಹೋಗಿ ಬರುವಷ್ಟರಲ್ಲಿ ತಿಂಗಳುಗಳು ಕಳೆಯುತ್ತವೆ. ಪ್ರಕಟಣೆ ಬರಲೆಂದು ಕಾಯದೆ ಸೇವಾ ಪ್ರಮಾಣಪತ್ರ, ಪಾಸ್‌ಪೋರ್ಟ್‌ಗಳ ಕೆಲಸವನ್ನು ಈ ವಾರವೇ ಆರಂಭಿಸಿ.